ಹೆಸರು ಹಿಡಿದು ಕರೆಯುವವರು

ಪಿಲ್ಸುನ್ ಮನೆಯಲ್ಲಿ ಬಾಯಿಬಿಟ್ಟು ಮಾತಾಡುವುದು ಅನ್ನದ ಕುಕ್ಕರ್ ಒಂದೇ. "ಅನ್ನ ಆಗಿದೆ, ಚೆನ್ನಾಗಿ ಕಲಸಿ" ಎಂದು ಅದರೊಳಗೆ ಮುದ್ರಿಸಿಟ್ಟ ದನಿಯ ಹೆಂಗಸು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹೇಳುತ್ತಾಳೆ. "ಆಯ್ತು ಕಣಮ್ಮ" ಎಂದು ಇವಳು ಉತ್ತರ ಕೊಡುತ್ತಾಳೆ. ಗಂಡ ತೀರಿಕೊಂಡ ಮೇಲೆ ಬಂದ ರೂಢಿ ಇದು. ಯಾರಾದರೂ ಕೇಳಿಸಿಕೊಂಡಾರು ಎಂಬ ನಾಚಿಕೆಯೂ ಇಲ್ಲ, ಕೇಳಿಸಿಕೊಳ್ಳಲು ಯಾರಿದ್ದಾರೆ?

ಊರಲ್ಲಿ ಅವಳ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಜುಕ್‌ಗೊಕ್ ಎಂಬ ಊರಿನಿಂದ ಮದುವೆಯಾಗಿ ಬಂದವಳು, ಆದ್ದರಿಂದ ಜುಕ್‌ಗೊಕ್‌ನವಳು. ಅತ್ತೆ ಹಾಗೇ ಕರೆದಳು, ಅಂಗಡಿಯವನೂ ಹಾಗೇ ಕರೆದ. ಗಂಡನಂತೂ ಬದುಕಿರುವವರೆಗೂ "ಏ, ಇಲ್ನೋಡು" ಎಂದೇ ಮುಗಿಸಿದ. ಆಸ್ಪತ್ರೆಯಲ್ಲಿ ನರ್ಸು ಪೂರ್ತಿ ಹೆಸರು ಕೂಗಿದರೆ ಅದು ತನ್ನದೇ ಎಂದು ಹೊಳೆಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ನಾವಾದರೂ ಅವಳನ್ನು ಪಿಲ್ಸುನ್ ಎಂದೇ ಕರೆಯೋಣ.

ಬೆಟ್ಟದ ಬುಡದ ಶಾಲೆಗೆ ಮಕ್ಕಳೇ ಇಲ್ಲದಂತಾದಾಗ, ಚಿಕ್ಕಂದಿನಲ್ಲಿ ಅಕ್ಷರ ಕಲಿಯದ ಅಜ್ಜಿಯರನ್ನು ಒಂದನೇ ತರಗತಿಗೆ ಸೇರಿಸಿಕೊಂಡರು. ಹಾಗೆ ಸೇರಿದವರು ಪಿಲ್ಸುನ್ ಮತ್ತು ಅವಳ ನೆರೆಮನೆಯ ವೊಲ್ಪ್ಯೊಂಗ್‌ನವಳು. ನಿಜವಾದ ಮಗು ಎಂದರೆ ಸೇಬಿನ ತೋಟದವನ ಮಗಳು ಇಸೊಲ್ ಒಬ್ಬಳೇ. ಪಿಲ್ಸುನ್ ಮತ್ತು ಇಸೊಲ್ ಒಂದೇ ಬೆಂಚಿನವರು.

ಇಸೊಲ್ ತಾಯಿಯಿಲ್ಲದ ಕೂಸು. ಅಪ್ಪ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಅವಳು ತೋಟಕ್ಕೆ ಹೋದ ಅಪ್ಪನನ್ನು ಕಾಯುತ್ತ, ಊರಿನ ಮುದುಕಿಯರ ನಡುವೆ ಬೆಳೆದಳು. ಹಾಗಾಗಿ ಏಳುವಾಗ ಕೂರುವಾಗ "ಅಯ್ಯಪ್ಪಾ, ಸೊಂಟ" ಎನ್ನುತ್ತಿದ್ದಳು. ಮೋಡ ನೋಡಿದರೆ "ಮೂಳೆ ಎಳೀತಾ ಇದೆ, ಮಳೆ ಬರತ್ತೆ" ಎನ್ನುತ್ತಿದ್ದಳು. ಅಜ್ಜಿಯರು ಹೊಟ್ಟೆ ಹಿಡಿದು ನಗುತ್ತಿದ್ದರು. ಹುಟ್ಟಿದಂದಿನಿಂದ ಆ ಮಗುವಿಗೆ ಎದುರಾದವರೆಲ್ಲ ಹಿರಿಯರು, ಎಲ್ಲರಿಗೂ ಬಗ್ಗಬೇಕು, ಎಲ್ಲರಿಗೂ 'ತಾವು' ಅನ್ನಬೇಕು. 'ಹೋಗೇ' ಎಂದು ಒಬ್ಬರಿಗಾದರೂ ಅಂದು ಗೊತ್ತಿಲ್ಲ.

ಬುಧವಾರ ಬುಧವಾರ ಮೂವರನ್ನೂ ವ್ಯಾನಿನಲ್ಲಿ ಪೇಟೆಯ ಶಾಲೆಗೆ ಕರೆದೊಯ್ಯುವ ಪದ್ಧತಿ ಶುರುವಾಯಿತು. ಅಲ್ಲಿ ಮಕ್ಕಳು ಇಬ್ಬಿಬ್ಬರಾಗಿ ಎದುರುಬದುರು ಕೂತು ಮಾತಾಡಬೇಕು. ಮೊದಲ ದಿನ ಇಸೊಲ್ ಎದುರಿಗೆ ಹಾರಂಗ್ ಎಂಬ ಚೂಟಿ ಹುಡುಗಿ ಸಿಕ್ಕಳು. ಇಸೊಲ್ ಹೊಟ್ಟೆಯ ಮೇಲೆ ಕೈಕಟ್ಟಿ, ಸೊಂಟದವರೆಗೆ ಬಾಗಿ, "ತಮ್ಮದು ಊಟ ಆಯ್ತಾ? ಮಂಡಿನೋವು ಈಗ ಹೇಗಿದೆ?" ಎಂದು ವಿಚಾರಿಸಿದಳು.

ತರಗತಿಯೇ ನಗೆಯಲ್ಲಿ ಮುಳುಗಿತು. "ಟೀಚರ್, ಈ ಅಜ್ಜಿಗೆ ದಿಂಬು ಹಾಕಿ ಕೂರ್ಸಿ" ಎಂದಳು ಹಾರಂಗ್. ಹಿಂದಿನ ಸಾಲಿನಲ್ಲಿ ಕೂತಿದ್ದ ಪಿಲ್ಸುನ್‌ಗೆ ಎದ್ದು ಹೋಗಿ ಆ ಹುಡುಗಿಯ ಕಿವಿ ಹಿಂಡಬೇಕೆನಿಸಿತು. ಇಸೊಲ್ ಕೆಂಪಾಗಿ ಕೂತಳು. ಅವತ್ತಿನಿಂದ ಅವಳ ಬಾಯಿಗೆ ಬೀಗ ಬಿತ್ತು. ಪೇಟೆಯಲ್ಲೂ ಮಾತಿಲ್ಲ, ತನ್ನ ಶಾಲೆಯಲ್ಲೂ ಇಲ್ಲ. ಸೊಂಟನೋವಿನ ಸುದ್ದಿಯೂ ನಿಂತುಹೋಯಿತು.

ಬೆಟ್ಟದ ಶಾಲೆಯ ತಾಕ್ ಟೀಚರ್ ಚಿಕ್ಕ ವಯಸ್ಸಿನವಳು, ಮಕ್ಕಳ ಮೇಲೆ ಪ್ರಾಣ ಇಟ್ಟವಳು. ಪಾಠ ಮುಗಿದ ಮೇಲೆ ಅಜ್ಜಿಯರಿಗೆ ಬಾರ್ಲಿ ನೀರು ಕೊಡುತ್ತ ಅವಳು ವಿಷಯ ಬಿಚ್ಚಿಟ್ಟಳು. ಚಳಿಗಾಲ ಮುಗಿಯುವಷ್ಟರಲ್ಲಿ ಈ ಶಾಲೆ ಮುಚ್ಚುತ್ತದೆ. ಮಾರ್ಚಿನಿಂದ ಇಸೊಲ್ ಪೇಟೆಯ ಶಾಲೆಗೇ ಹೋಗಬೇಕು.

"ಓದೋದು ಬರೆಯೋದು ಅವಳಿಗೆ ನೀರು ಕುಡಿದಂಗೆ. ಆದ್ರೆ ಇನ್ನೊಂದು ಮಗು ಜೊತೆ ಮಾತಾಡೋಕೆ ಬರಲ್ಲ. ಹೀಗೇ ಹೋದ್ರೆ ಪ್ರೈಮರಿ ಮುಗಿಯೋವರೆಗೂ ಮೂಲೇಲಿ ಒಬ್ಳೇ ಕೂತಿರ್ತಾಳೆ" ಎಂದಳು ಟೀಚರ್.

ಒಬ್ಬಳೇ ಕೂತಿರುವುದೆಂದರೆ ಏನೆಂದು ಪಿಲ್ಸುನ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಟೀಚರ್ ಕೈಗೆ ತೊಡಿಸುವ ಬೊಂಬೆಗಳನ್ನು ತಂದಳು. ಮೊಲದ ಬೊಂಬೆ "ನನ್ನ ಜೊತೆ ಆಡ್ತೀಯಾ?" ಎಂದು ಕೇಳಿದರೆ ಇಸೊಲ್ ಎದ್ದು ಅದಕ್ಕೂ ಬಾಗಿ ನಮಸ್ಕರಿಸಿ ಸುಮ್ಮನೆ ಕೂತಳು. ಸೋತ ಟೀಚರ್ ತನ್ನ ಬಾಲ್ಯದ ಕಥೆ ತೆಗೆದಳು. "ನಾನೂ ನನ್ನ ಬೆಂಚಿನವಳೂ ಮಧ್ಯ ಗೆರೆ ಎಳ್ಕೊಂಡಿದ್ವಿ. ಗೆರೆ ದಾಟಿ ಯಾರ ಕಡೆ ಬಂತೋ ಅದು ಅವರದ್ದು. ಅದೇನು ಜಗಳ ಅಂತೀರಿ. ಈಗ್ಲೂ ಅವಳೇ ನನ್ನ ಜೀವದ ಗೆಳತಿ."

ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗಾದೆ ಕಟ್ಟಿದವನು ಇಸೊಲ್‌ಳನ್ನು ನೋಡಿರಲಿಲ್ಲ. ಜಗಳವೇ ಇಲ್ಲದ ಕಡೆ ಮಾತಾದರೂ ಎಲ್ಲಿಂದ ಬರಬೇಕು?

ಮರುದಿನ ಪಿಲ್ಸುನ್ ಸೀಮೆಸುಣ್ಣ ತೆಗೆದುಕೊಂಡು ಬೆಂಚಿನ ನಡುವೆ ಉದ್ದಕ್ಕೆ ಗೆರೆ ಎಳೆದಳು. ಇಸೊಲ್‌ಳ ರಬ್ಬರು ಗೆರೆ ದಾಟಿ ಉರುಳಿದ ಕೂಡಲೇ ಎತ್ತಿ ಜೇಬಿಗೆ ಹಾಕಿಕೊಂಡಳು. ಹುಡುಗಿ ಕಣ್ಣು ಬಿಟ್ಟಳು.

"ಅಜ್ಜಿ... ಇಟ್ಕೊಳ್ಳಿ" ಎಂದಳು ಮೆಲ್ಲಗೆ. ಎಷ್ಟೋ ದಿನದ ಮೇಲೆ ಬಂದ ಮಾತು ಅದು.

"ಯಾರೇ ಅಜ್ಜಿ? ನಾನೂ ಒಂದನೇ ಕ್ಲಾಸು, ನೀನೂ ಒಂದನೇ ಕ್ಲಾಸು. ನನ್ನ ಹೆಸರು ಪಿಲ್ಸುನ್. ಬೇಕಾದ್ರೆ ಹೆಸರು ಹಿಡಿದು ಕೇಳು, ಕೊಡ್ತೀನಿ."

ಮುಂದಿನ ಬೆಂಚಿನಲ್ಲಿದ್ದ ವೊಲ್ಪ್ಯೊಂಗ್‌ನವಳು ತಿರುಗಿ ನೋಡಿದಳು. "ಅರವತ್ತಕ್ಕೆ ಅರಳು ಮರಳು ಅಂತಾರೆ. ನಿಂಗೆ ತಡವಾಗಿ ಎಪ್ಪತ್ತು ದಾಟಿದ ಮೇಲೆ ಬಂತು. ಮೊಮ್ಮಗಳ ವಯಸ್ಸಿನವಳ ಬಾಯಲ್ಲಿ ಹೆಸರು ಹೇಳಿಸ್ಕೋತೀಯಾ?"

"ನೀನು ನಿನ್ನ ಒತ್ತಕ್ಷರ ನೋಡ್ಕೊ" ಎಂದಳು ಪಿಲ್ಸುನ್.

ಹುಡುಗಿ ಸುಲಭಕ್ಕೆ ಬಗ್ಗಲಿಲ್ಲ. ರಬ್ಬರು ಹೋಯಿತು, ಪೆನ್ಸಿಲ್ ಹೋಯಿತು, ಬಣ್ಣದ ಕಡ್ಡಿಗಳು ಒಂದೊಂದಾಗಿ ಹೋದವು. ಹಿರಿಯರು ತೆಗೆದುಕೊಂಡರೆ ಸುಮ್ಮನಿರಬೇಕು ಎಂದು ಯಾರು ಅಷ್ಟು ಚೆನ್ನಾಗಿ ಕಲಿಸಿದ್ದರೋ. ಪಿಲ್ಸುನ್ ಮನೆಗೆ ಹೋಗಿ ಅವನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಜೋಡಿಸಿ, ತಾನು ಮಾಡುತ್ತಿರುವುದು ಸರಿಯೋ ತಪ್ಪೋ ಎಂದು ಪೇಚಾಡುತ್ತಿದ್ದಳು. ಕೊನೆಗೆ ಒಂದು ಮಧ್ಯಾಹ್ನ, ಅಪ್ಪ ಸೇಬಿನ ಕೊಂಬೆಯಲ್ಲಿ ಕೆತ್ತಿ ಕೊಟ್ಟಿದ್ದ ಪುಟ್ಟ ಹಕ್ಕಿ ಗೆರೆ ದಾಟಿತು. ಪಿಲ್ಸುನ್ ಎದೆ ಗಟ್ಟಿ ಮಾಡಿಕೊಂಡು ಅದನ್ನೂ ಜೇಬಿಗೆ ಇಳಿಸಿದಳು. ಇಸೊಲ್ ಆ ಜೇಬನ್ನೇ ನೋಡುತ್ತ ಕೂತಳು.

ಶಾಲೆ ಬಿಟ್ಟಿತು. ಪಿಲ್ಸುನ್ ಬೇಕೆಂದೇ ನಿಧಾನವಾಗಿ ಗೇಟು ದಾಟಿದಳು. ಹಿಂದಿನಿಂದ ಓಡಿಬರುವ ಹೆಜ್ಜೆ ಕೇಳಿಸಿತು.

"ಏ ಪಿಲ್ಸುನ್! ಕೊಡೇ ನನ್ನ ಹಕ್ಕೀನ! ಕಳ್ಳಿ!"

ಪಿಲ್ಸುನ್ ನಿಂತಲ್ಲೇ ನಿಂತಳು. ಆ ಹೆಸರನ್ನು ಹೀಗೆ ಕೊನೆಯ ಸಲ ಕೂಗಿದವಳು ಅವಳ ತಾಯಿ, ಜುಕ್‌ಗೊಕ್‌ನ ಬಾವಿಕಟ್ಟೆಯ ಮೇಲೆ ನಿಂತು, ಊಟಕ್ಕೆ. ಆಮೇಲೆ ಅದೆಷ್ಟೋ ಕಾಲ ಯಾರೂ ಕೂಗಲಿಲ್ಲ. ಕಣ್ಣು ತುಂಬಿಕೊಂಡಿತು, ಆದರೆ ಅಳುತ್ತ ನಿಂತರೆ ಜಗಳ ಕೆಡುತ್ತದೆ.

"ಕೊಡಲ್ಲ ಕಣೇ. ಏನ್ ಮಾಡ್ತೀಯ, ಹಳಸಿದ ಮೂಲಂಗಿ?"

"ನೀನೇ ಹಳಸಿದ ಮೂಲಂಗಿ!"

ಆ ಇಬ್ಬರೂ ಒಬ್ಬರನ್ನೊಬ್ಬರು ಬೈಯುತ್ತ ಏರಿನ ದಾರಿಯುದ್ದಕ್ಕೂ ನಡೆದರು. ಹಕ್ಕಿ, ರಬ್ಬರು, ಬಣ್ಣದ ಕಡ್ಡಿ ಎಲ್ಲ ವಾಪಸು ಬಂದವು, ಮರುದಿನ ಮತ್ತೆ ಹೋದವು. ಚಳಿಗಾಲದ ತುಂಬ ಅದೇ ಆಯಿತು. ಬೆಳಗ್ಗೆ ಎದ್ದರೆ ಪಿಲ್ಸುನ್‌ಗೆ ಇವತ್ತು ಏನೆಂದು ಜಗಳ ತೆಗೆಯಲಿ ಎಂಬುದೇ ಯೋಚನೆ. ಅಷ್ಟು ಸುಖವಾಗಿ ಅವಳು ಎಂದೂ ಬದುಕಿರಲಿಲ್ಲ. ಬುಧವಾರ ಹಾರಂಗ್ "ಬಂದ್ಳಪ್ಪ ಅಜ್ಜಿ" ಎಂದಾಗ ಇಸೊಲ್ "ಹೋಗೇ ಹಳಸಿದ ಮೂಲಂಗಿ" ಎಂದು ತಿರುಗಿಸಿ ಕೊಟ್ಟಳು. ಹಾರಂಗ್ ಒಂದು ಗಳಿಗೆ ಬೆಪ್ಪಾಗಿ, ಆಮೇಲೆ ಬಿದ್ದು ಬಿದ್ದು ನಕ್ಕಳು. ಆ ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಊಟ ಮಾಡಿದರು.

ಫೆಬ್ರುವರಿಯಲ್ಲಿ ಶಾಲೆ ಮುಚ್ಚಿತು, ಅಜ್ಜಿಯರ ಓದೂ ಅಲ್ಲಿಗೇ ನಿಂತಿತು. ತಾಕ್ ಟೀಚರಿಗೂ ಪೇಟೆಯ ಶಾಲೆಗೇ ವರ್ಗವಾಯಿತು.

ಮೇ ತಿಂಗಳಲ್ಲಿ ಅಲ್ಲಿ ಆಟೋಟದ ಹಬ್ಬ. ಪಿಲ್ಸುನ್ ಗೆಣಸು ಬೇಯಿಸಿ ಬಟ್ಟೆಯಲ್ಲಿ ಸುತ್ತಿಕೊಂಡು, ಬಸ್ಸು ಹಿಡಿದು ಒಬ್ಬಳೇ ಹೋದಳು. ದಾರಿಯುದ್ದಕ್ಕೂ ಒಂದೇ ಆಸೆ. ಅಷ್ಟು ಜನರ ನಡುವೆ ಆ ಹುಡುಗಿ ಏ ಪಿಲ್ಸುನ್ ಎಂದು ಕೂಗಬೇಕು, ತಾನು ತಿರುಗಿ ಬೈಯಬೇಕು. ಯಾವ ಬೈಗುಳ ಎಂಬುದನ್ನೂ ಆರಿಸಿಟ್ಟುಕೊಂಡಿದ್ದಳು.

ಇಸೊಲ್ ಗೆಳತಿಯರ ಗುಂಪಿನಿಂದ ಓಡಿಬಂದಳು. ಒಂದು ಹಲ್ಲು ಬಿದ್ದಿತ್ತು, ಎತ್ತರವಾಗಿದ್ದಳು. ಎದುರಿಗೆ ನಿಂತು ಕೈಕಟ್ಟಿ, ಚೆಂದಾಗಿ ಬಾಗಿದಳು.

"ಅಜ್ಜೀ, ಚೆನ್ನಾಗಿದ್ದೀರಾ? ಮಂಡಿನೋವು ಹೇಗಿದೆ?"

ಹಿಂದೆಯೇ ಬಂದ ತಾಕ್ ಟೀಚರ್ ಮುಖ ಅರಳಿಸಿ ಹೇಳಿದಳು: "ನೋಡಿದ್ರಾ? ಯಾರ ಹತ್ರ ಹೇಗೆ ಮಾತಾಡ್ಬೇಕು ಅಂತ ಈಗ ಪೂರ್ತಿ ಗೊತ್ತಾಗಿದೆ."

"ಹೌದಮ್ಮ, ಗೊತ್ತಾಗಿದೆ" ಎಂದಳು ಪಿಲ್ಸುನ್. ಗೆಣಸಿನ ಗಂಟನ್ನು ಮಗುವಿನ ಕೈಗಿಟ್ಟಳು. ಇಸೊಲ್ ಎರಡೂ ಕೈಯಲ್ಲಿ ತೆಗೆದುಕೊಂಡು ಮತ್ತೊಮ್ಮೆ ಬಾಗಿ ಓಡಿದಳು. ಅಲ್ಲಿ ಯಾರು ದೊಡ್ಡ ಗೆಣಸು ತೆಗೆದುಕೊಂಡರೋ, ಗುಂಪಿಗೆ ಗುಂಪೇ "ಹಳಸಿದ ಮೂಲಂಗಿ, ಹಳಸಿದ ಮೂಲಂಗಿ" ಎಂದು ಕಿರುಚತೊಡಗಿತು. ಆ ಬೈಗುಳ ಆ ಪೇಟೆಯಲ್ಲಿ ಮೊದಲು ಇರಲಿಲ್ಲ. ಪಿಲ್ಸುನ್‌ಗೆ ಹೆಮ್ಮೆಯಾಯಿತು. ಆ ಹೆಮ್ಮೆಯನ್ನು ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಸಂಜೆ ಮನೆಗೆ ಬಂದು ಅಕ್ಕಿ ತೊಳೆದಿಟ್ಟು ಕೂತಳು. ಕತ್ತಲಾದರೂ ದೀಪ ಹಾಕಲಿಲ್ಲ. ಅನ್ನ ಆಗಿದೆ, ಚೆನ್ನಾಗಿ ಕಲಸಿ ಎಂದು ಕುಕ್ಕರಿನ ಹೆಂಗಸು ಹೇಳಿದಳು. ಪಿಲ್ಸುನ್ ಅವಳಿಗೆ ಉತ್ತರ ಕೊಡಲಿಲ್ಲ. ಬಾಗಿಲ ಹತ್ತಿರ ಹೋಗಿ, ಅಂಗಳದ ಕಡೆ ಮುಖ ಮಾಡಿ, ಬಾವಿಕಟ್ಟೆಯ ಮೇಲೆ ನಿಂತವಳ ದನಿಯಲ್ಲಿ ಕೂಗಿದಳು.

"ಏ ಪಿಲ್ಸುನ್, ಊಟಕ್ಕೆ ಬಾರೇ."

ಸ್ವಲ್ಪ ಹೊತ್ತು ಕಾದಳು. ಆಮೇಲೆ ತಾನೇ "ಬಂದೆ ಕಣೇ" ಎಂದು ಒಳಗೆ ಹೋಗಿ, ತಟ್ಟೆ ಹಾಕಿಕೊಂಡಳು.