ಶೆಡ್ಡು ಬಿಟ್ಟ ಮಾರಿಸ್

ಭದ್ರಾವತಿಯ ಹಳೇ ಕಾರು ಸಂಘದ ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಅವರವರ ಗಾಡಿಗೆ ಅವರವರದೇ ಕೈ. ಆದರೆ ಯಾರಾದರೂ ಸ್ಪ್ಯಾನರ್ ಕೆಳಗಿಟ್ಟು "ಸಿಕ್ಕಾಕ್ಕೊಂಡೆ" ಅಂದರೆ ಸಾಕು, ಉಳಿದವರು ಕೈಕೆಲಸ ಬಿಟ್ಟು ಆ ಬಾನೆಟ್ಟಿನ ಸುತ್ತ ಬಂದು ನಿಲ್ಲಬೇಕು.

ಷಣ್ಮುಖಪ್ಪ ಪ್ರತಿ ಭಾನುವಾರ ಸಿಕ್ಕಿಹಾಕಿಕೊಳ್ಳುತ್ತಿದ್ದರು.

ಶಿವಮೊಗ್ಗದ ದುರ್ಗಿಗುಡಿಯ ಮನೆಯಲ್ಲಿ ಅವರೊಬ್ಬರೇ. ಮದುವೆಯಾಗಿರಲಿಲ್ಲ. ಸ್ಟೇಷನರಿ ಅಂಗಡಿಯನ್ನು ಬಾಡಿಗೆಗೆ ಕೊಟ್ಟ ಮೇಲೆ ವಾರವಿಡೀ ಮಾತೆಂದರೆ ಮೆಸ್ಸಿನಲ್ಲಿ "ಸಾರು ಸಾಕು" ಅನ್ನುವುದಷ್ಟೇ. ಬೆಳಗ್ಗೆ ವಿಭೂತಿ ಹಚ್ಚಿ ಪೂಜೆ ಮುಗಿಸಿದರೆ, ಆಮೇಲೆ ಶಿವನೂ ಮಾತಾಡನು, ಇವರೂ ಮಾತಾಡರು. ಭಾನುವಾರ ಮಾತ್ರ ಬಸ್ಸು ಹತ್ತಿ ಭದ್ರಾವತಿಗೆ ಬಂದು, ತಮ್ಮ ಮಾರಿಸ್ ಮೈನರ್ ಕಾರಿನ ಕಾರ್ಬುರೇಟರ್ ಬಿಚ್ಚಿ, ಸರಿಯಾಗಿದ್ದುದನ್ನೇ ಚೂರು ಕೆಡಿಸಿ, "ಸಿಕ್ಕಾಕ್ಕೊಂಡೆ ಕಣ್ರಪ್ಪ" ಅನ್ನುವರು. ಮೂರು ತಲೆ ಬಗ್ಗುತ್ತಿದ್ದವು. ಬೈಗುಳ, ನಗು, ಫ್ಲಾಸ್ಕಿನ ಟೀ. ಗಾಡಿ ರಿಪೇರಿ ಮುಗಿಸಿ ಒಯ್ದವರ ಜಾಗ ಮುಂದಿನ ಗಾಡಿಗೆ ಹೋಗುತ್ತಿತ್ತು. ಆಮೇಲೆ ಅವರು ಆ ಕಡೆ ಬಂದದ್ದನ್ನು ಷಣ್ಮುಖಪ್ಪ ಕಂಡಿರಲಿಲ್ಲ.

ಒಂದು ಭಾನುವಾರ ಜ್ವರ ಬಂತು, ಹೋಗಲಿಲ್ಲ. ಮುಂದಿನ ವಾರ ಹೋದರೆ ಮಾರಿಸ್ ಬಾಗಿಲಲ್ಲೇ ನಿಂತಿದೆ! ಸೇವಂತಿಗೆ ಹಾರ, ಬಾನೆಟ್ಟಿಗೆ ಮೂರು ಗೆರೆ ವಿಭೂತಿ, ಚಕ್ರದಡಿ ನಿಂಬೆಹಣ್ಣು.

"ನಿಮ್ ಗೋಳು ನೋಡಕ್ಕಾಗ್ದೆ ನಾವೇ ಮುಗಿಸ್ಬಿಟ್ವಿ, ಷಣ್ಮುಖಣ್ಣ," ಅಂದ ಲೇತ್ ಕೆಲಸದ ಭೀಮೇಶ್.

"ಎರಡು ವರ್ಷ ಅದೇ ಕಾರ್ಬುರೇಟರ್! ಅದೂ ಬೇಡ್ಕೊಳ್ತಿತ್ತು, ಬಿಡಿ ಸಾರ್ ನನ್ನ ಅಂತ." ಕಾಲೇಜು ಮೇಡಂ ಜಯಶೀಲಾ ತನ್ನ ಫಿಯಟ್ಟಿನ ಅಡಿಯಿಂದಲೇ ಕೂಗಿದಳು.

"ನಾನು ಹೇಳಿದ್ನಾ ಮುಗಿಸಿ ಅಂತ?"

"ಅಯ್ಯೋ ಮಾರಾಯ್ರೇ, ಥ್ಯಾಂಕ್ಸ್ ಏನೂ ಬೇಡ," ಅಂದರು ಮುಂದಿನ ಸರದಿಯ ರಾಮಚಂದ್ರಪ್ಪ. "ಬೇಗ ತೆಗೀರಿ. ನನ್ ಜೀಪು ಬಿಸಿಲಲ್ಲಿ ಒಣಗ್ತಿದೆ."

ಇಂಜಿನ್ನು ಒಂದೇ ಸಲಕ್ಕೆ ಹಿಡಿಯಿತು. ನಿಂಬೆಹಣ್ಣು ಚಪ್ಪಟೆಯಾದವು, ಚಪ್ಪಾಳೆ ಬಿತ್ತು. ಕನ್ನಡಿಯಲ್ಲಿ ನೋಡಿದರೆ ಮೂವರೂ ಆಗಲೇ ಬೆನ್ನು ತಿರುಗಿಸಿ ಜೀಪು ತಳ್ಳುತ್ತಿದ್ದರು.

ಮಾಚೇನಹಳ್ಳಿ ಹತ್ತಿರ ಷಣ್ಮುಖಪ್ಪ ಗಾಡಿಯನ್ನು ಪಕ್ಕಕ್ಕೆ ಹಾಕಿದರು. ಬಾನೆಟ್ ಎತ್ತಿ, ಅತ್ತಿತ್ತ ನೋಡಿ, ಇಂಜಿನ್ನಿಗೆ ಕಿಡಿ ಕೊಡುವ ಕಾಯಿಲ್‌ನ ವೈರು ಕಿತ್ತರು. ಫೋನ್ ಮಾಡಿದರು.

"ಸಿಕ್ಕಾಕ್ಕೊಂಡೆ, ಭೀಮೇಶ."

"ಅಲ್ಲೇ ಇರಿ. ಬಂದ್ವಿ."

ಬಂದ್ವಿ ಅಂದನಲ್ಲ! ಗೂಡಂಗಡಿಯ ಹೆಂಗಸಿಗೆ ನಾಲ್ಕು ಟೀ ಹೇಳಿ, ರಸ್ತೆ ನೋಡುತ್ತ ನಿಂತರು.

ಬಂದದ್ದು ಒಂದೇ ಬೈಕು. ಭೀಮೇಶನೊಬ್ಬನೇ. ಬಗ್ಗಿದ, ವೈರು ಸಿಕ್ಕಿಸಿದ, ಸ್ಟಾರ್ಟ್ ಮಾಡಿದ.

"ಇದು ತಾನಾಗೇ ಕಿತ್ಕೊಂಡ್ ಬರೋ ವೈರಲ್ಲ, ಅಣ್ಣ," ಅಂದು ಅವರ ಮುಖ ನೋಡಿದ. ಷಣ್ಮುಖಪ್ಪ ರಸ್ತೆಯ ಕಡೆಗೇ ನೋಡುತ್ತಿದ್ದರು. ಭೀಮೇಶ್ ಕೈ ಒರೆಸಿಕೊಂಡ.

"ಟೀ ಹೇಳಿದೀನಿ, ಕುಡ್ಕೊಂಡು ಹೋಗು."

"ಜೀಪು ಅರ್ಧ ಒಳಗೆ, ಅರ್ಧ ಹೊರಗೆ ನಿಂತಿದೆ. ಬೈತಾರೆ. ಇನ್ನೊಂದ್ಸಲ ಬರ್ತೀನಿ."

ಬೈಕು ಹೋಯಿತು. ಮಾರಿಸ್ ಒಂದು ಚೂರೂ ತಡವರಿಸದೆ ಗುಡುಗುಡು ಅನ್ನುತ್ತಿತ್ತು. ಹೆಂಗಸು ನಾಲ್ಕು ಲೋಟ ಹಿಡಿದು ಬಂದು ಸುತ್ತ ನೋಡಿದಳು.

"ಉಳಿದೋರು ಎಲ್ಲಿ ಸ್ವಾಮಿ?"

"ಬರ್ತಾರೆ," ಅಂದರು ಷಣ್ಮುಖಪ್ಪ. "ಇಲ್ಲೇ ಇಡಮ್ಮ."