ನೀಲಿ ಚುಕ್ಕೆ, ಕೆಂಪು ಚುಕ್ಕೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ ಅಂತ ವಾರ್ಡಿನಲ್ಲಿ ಎಲ್ಲರಿಗೂ ಗೊತ್ತು. ಬೆನ್ನ ಹಿಂದೆ ನನ್ನನ್ನು ಮೆಣಸಿನಕಾಯಿ ಅಂತಾರೆ, ಅದೂ ನನಗೆ ಗೊತ್ತು. ಅನ್ನಲಿ ಬಿಡಿ. ಹೆಡ್ ನರ್ಸ್ ಆದವಳು ಎಲ್ಲರಿಗೂ ನಗ್ತಾ ಕೂತರೆ ವಾರ್ಡು ನಡೆದ ಹಾಗೇ! ನಗೋ ಕೆಲಸಕ್ಕೆ ರಾತ್ರಿ ಪಾಳಿಯ ನರ್ಸ್ ಇದ್ದಾಳೆ. ಅವಳ ಮಾತು ಎಷ್ಟು ಮೆತ್ತಗೆ ಅಂದರೆ ರೋಗಿಗಳೇ ಅವಳಿಗೆ ಬೆಣ್ಣೆ ಅಂತ ಹೆಸರಿಟ್ಟಿದ್ದಾರೆ.

ಕಿಟಕಿ ಪಕ್ಕದ ಹಾಸಿಗೆಯಲ್ಲಿ ಇದ್ದವಳು ನನ್ನ ಅಮ್ಮ. ಕರುಳಿನ ಆಪರೇಶನ್ ಆಗಿತ್ತು. ಆವತ್ತು ಮಧ್ಯಾಹ್ನ ಸರ್ಜನ್ ಬಂದು, ಮನೆಗೆ ಕಳಿಸೋದೋ ಬೇಡವೋ ಹೇಳಬೇಕಿತ್ತು. ಹೊಲಿದ ಜಾಗ ಒಳಗೇ ಬಿಟ್ಟುಕೊಂಡರೆ ಅದನ್ನು ಮೊದಲು ಹೇಳೋದು ನೋವು. ಅದು ಗೊತ್ತಾಗದೆ ಮನೆಗೆ ಕಳಿಸಿದರೆ ಜೀವ ಉಳಿಯೋದು ಕಷ್ಟ. ಅದಕ್ಕೇ ನಾವು ಕೇಳ್ತಾನೇ ಇರ್ತೀವಿ: ಸೊನ್ನೆ ಅಂದರೆ ನೋವಿಲ್ಲ, ಹತ್ತು ಅಂದರೆ ತಡೆಯೋಕೇ ಆಗಲ್ಲ, ನಿಮ್ಮದು ಎಷ್ಟು? ಆ ಉತ್ತರಗಳನ್ನೆಲ್ಲ ಒಟ್ಟು ಮಾಡಿ ಸರ್ಜನ್‌ಗೆ ಒಪ್ಪಿಸೋಳು ನಾನು.

ಬೆಳಿಗ್ಗೆ ಪಾಳಿ ಬದಲಾಗುವಾಗ ಬೆಣ್ಣೆ ಹತ್ತಿರ ಬಂದಳು.

“ಅಕ್ಕಾ, ಅಮ್ಮನಿಗೆ ರಾತ್ರಿ ಎಂಟಿತ್ತು.”

“ನೀನು ಹೋಗಿ ತಲೆ ಸವರಿದರೆ ಯಾರಿಗಾದರೂ ಎಂಟು ಬರುತ್ತೆ ಕಣೇ. ನಾನು ಈಗ ತಾನೇ ಕೇಳಿ ಬಂದೆ, ಸೊನ್ನೆ. ಮನೆಗೆ ಹೋಗಿ ಮಲಕ್ಕೋ.”

ಅವಳು ಏನೋ ಹೇಳೋಕೆ ಬಾಯಿ ತೆರೆದಳು. ನನ್ನ ಮುಖ ನೋಡಿ ಚೀಲ ಹೆಗಲಿಗೇರಿಸಿ ಹೊರಟಳು.

ಅಲ್ಲಿಂದ ನೇರ ತರಗತಿಗೆ ಹೋದೆ. ಹೆಡ್ ನರ್ಸ್‌ಗಳೆಲ್ಲ ಅಂಕಿಅಂಶ ಕಲೀಬೇಕು ಅಂತ ಆಸ್ಪತ್ರೆಯವರು ನಮ್ಮ ಕೊರಳಿಗೆ ಕಟ್ಟಿದ ತರಗತಿ ಅದು. ಪಾಠ ಮಾಡೋ ಮೇಷ್ಟ್ರು ಕಡ್ಡಿಯ ಹಾಗೆ ಒಣಕಲು, ಮಾತೂ ಹಾಗೇ. ಬದಲಾಗೋ ಪ್ರತಿಯೊಂದಕ್ಕೂ ವೇರಿಯಬಲ್ ಅಂತಾರಂತೆ. ಅದರಲ್ಲಿ ಜಾತಿಗಳಂತೆ. ಹಾಸಿಗೆ ನಂಬರು ನೋಡೋಕೆ ಅಂಕಿ, ಆದರೆ ಬರೀ ಹೆಸರು. ಹನ್ನೆರಡನೇ ಹಾಸಿಗೆ ಆರನೇದರ ಎರಡರಷ್ಟೇನೂ ಅಲ್ಲ. ಜ್ವರ ನಿಜವಾದ ಅಳತೆ. ರಕ್ತದ ಗುಂಪು ಗುಂಪೇ. ನಮ್ಮ ವಾರ್ಡಿನಿಂದ ಒಂದು ವೇರಿಯಬಲ್ ತಂದು ಗ್ರಾಫ್ ಬರೀರಿ ಅಂದಿದ್ದರು. ನಾನು ಅಮ್ಮನ ನೋವನ್ನೇ ತಗೊಂಡು ಹೋಗಿದ್ದೆ. ದಿನಕ್ಕೊಂದು ಸರಾಸರಿ, ಸರಾಸರಿಗೊಂದು ಕಂಬ. ಕಂಬಗಳು ದಿನದಿಂದ ದಿನಕ್ಕೆ ಗಿಡ್ಡ ಆಗಿದ್ದವು. ನೋಡಿದರೆ ಕಣ್ಣು ತುಂಬಬೇಕು, ಅಷ್ಟು ಚೆನ್ನಾಗಿತ್ತು.

ಮೇಷ್ಟ್ರು ಅದನ್ನು ತುಂಬ ಹೊತ್ತು ನೋಡಿದರು.

“ನೋವನ್ನ ಹೇಗಮ್ಮ ಕೂಡಿದ್ರಿ?”

“ಅಂಕಿ ಅಲ್ವಾ ಸಾರ್? ಕೂಡಿದೆ, ಭಾಗಿಸಿದೆ.”

“ಎಂಟು ನಾಲ್ಕಕ್ಕಿಂತ ಜಾಸ್ತಿ, ಅಷ್ಟು ಮಾತ್ರ ಹೇಳಬಹುದು. ಎರಡರಷ್ಟು ಅನ್ನೋ ಹಾಗಿಲ್ಲ. ಇದು ಮೆಟ್ಟಿಲು, ತೂಕ ಅಲ್ಲ. ಹೋಗಲಿ, ದಿನಕ್ಕೆ ಎಷ್ಟು ಸಲ ಕೇಳಿದ್ರಿ?”

“ಮೊದಮೊದಲು ಕಡಿಮೆ. ಈಗೀಗ ಹಾದು ಹೋದಾಗಲೆಲ್ಲ ಕೇಳ್ತೀನಿ. ನನ್ನ ಅಮ್ಮ ಸಾರ್ ಅವರು.”

“ಬೇರೆ ಯಾರೂ ಕೇಳಲ್ವಾ?”

“ರಾತ್ರಿ ಒಬ್ಬಳು ಕೇಳ್ತಾಳೆ, ಒಂದೋ ಎರಡೋ ಸಲ.”

“ಹಾಗಾದ್ರೆ ಕೇಳಿದವರು ಯಾರು ಅನ್ನೋದೂ ಒಂದು ವೇರಿಯಬಲ್ ಅಲ್ವೇ? ಅದು ಎಲ್ಲಿದೆ ಇದರಲ್ಲಿ?”

ನನಗೆ ಮೈಯೆಲ್ಲ ಉರಿದು ಹೋಯಿತು. ಎಲ್ಲರೆದುರು ನನ್ನ ಅಮ್ಮನ ನೋವಿನಲ್ಲಿ ಹುಳುಕು ಹುಡುಕೋಕೆ ಇವನ್ಯಾರು?

“ನೋವು ನೋವೇ ಸಾರ್. ಯಾರು ಕೇಳಿದರೇನು?”

“ಏನೂ ಇಲ್ಲದೆ ಇರಬಹುದು. ಕಂಬ ಬಿಡಿ. ಒಂದೊಂದು ಉತ್ತರಕ್ಕೂ ಒಂದೊಂದು ಚುಕ್ಕೆ ಇಡಿ, ಗಂಟೆಯ ಪ್ರಕಾರ. ನಿಮ್ಮದಕ್ಕೆ ಒಂದು ಬಣ್ಣ, ಅವರದಕ್ಕೆ ಇನ್ನೊಂದು.”

ಇವರ ಬಾಯಿ ಮುಚ್ಚಿಸೋಣ ಅಂತಲೇ ಅಲ್ಲೇ ಕೂತು ಶುರು ಮಾಡಿದೆ. ನಾನು ನೀಲಿ, ಬೆಣ್ಣೆ ಕೆಂಪು. ನೀಲಿ ಚುಕ್ಕೆಗಳು, ಮೊದಲ ದಿನದ ಒಂದು ಐದು ಬಿಟ್ಟರೆ, ಸೊನ್ನೆ, ಸೊನ್ನೆ, ಒಂದು, ಸೊನ್ನೆ ಅಂತ ನೆಲಕ್ಕೆ ಚೆಲ್ಲಿದ ಸಾಸಿವೆಯ ಹಾಗೆ ಕೆಳಗೇ ಬಿದ್ದವು. ಕೆಂಪು ಬೆರಳೆಣಿಕೆಯಷ್ಟೇ. ನಾಲ್ಕರಲ್ಲಿ ಶುರುವಾಗಿ, ಐದು, ಆರು, ಏಳು ಅಂತ ಹತ್ತಿ, ಕೊನೆಯದು ಎಂಟಕ್ಕೆ ನಿಂತಿತ್ತು.

ಕಂಬಗಳು ಗಿಡ್ಡ ಆಗಿದ್ದು ನೋವು ಇಳಿದಿದ್ದಕ್ಕಲ್ಲ. ನಾನು ಹೆಚ್ಚೆಚ್ಚು ಸಲ ಕೇಳಿದ್ದಕ್ಕೆ. ನನ್ನ ಸೊನ್ನೆಗಳು ಸೇರಿ ಬೆಣ್ಣೆಯ ಎಂಟನ್ನು ನುಂಗಿ ಹಾಕಿದ್ದವು. ಆ ಕಂಬಗಳನ್ನೇ ನಾನು ಬೆಳಿಗ್ಗೆ ಸರ್ಜನ್‌ಗೂ ಕಳಿಸಿದ್ದೆ.

ಮೇಷ್ಟ್ರು ಇನ್ನೇನೋ ಹೇಳ್ತಾ ಇದ್ದರು. ನಾನು ಎದ್ದವಳೇ ಹಾಳೆ ಹಿಡಿದು ಓಡಿದೆ. ಲಿಫ್ಟು ಎಲ್ಲೋ ಮೇಲೆ ಸಿಕ್ಕಿಕೊಂಡಿತ್ತು, ಮೆಟ್ಟಿಲು ಹತ್ತಿದೆ. ವಾರ್ಡಿಗೆ ಬಂದರೆ ಅಮ್ಮ ಆಗಲೇ ಮನೆಯ ಸೀರೆ ಉಟ್ಟು, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹಣೆಯಲ್ಲಿ ಬೆವರು. ನಾಡಿ ಹಿಡಿದೆ, ಕುದುರೆಯ ಹಾಗೆ ಓಡ್ತಾ ಇತ್ತು.

“ಅಮ್ಮಾ, ಎಷ್ಟು ನೋವು?”

“ಸೊನ್ನೆ ಕಣೇ. ಎಷ್ಟು ಸಲ ಕೇಳ್ತೀಯ?”

“ಬೆಣ್ಣೆಗೆ ಎಂಟು ಅಂದ್ಯಂತೆ.”

ಅಮ್ಮ ಚೀಲದ ಜಿಪ್ಪನ್ನು ಹಾಕಿದಳು, ತೆಗೆದಳು. ಆಮೇಲೆ ಮೆಲ್ಲಗೆ ಅಂದಳು: “ಅವಳು ಕೇಳಿ, ಉತ್ತರಕ್ಕೆ ಕಾಯ್ತಾಳೆ. ನೀನು ಕೇಳುವಾಗಲೇ ಹುಬ್ಬು ಗಂಟು ಹಾಕಿರ್ತೀಯ. ಮೊದಲ ದಿನ ಐದು ಅಂದಿದ್ದಕ್ಕೆ ಪಾಪ ಆ ನರ್ಸ್ ಹುಡುಗೀರನ್ನೆಲ್ಲ ನಿಲ್ಲಿಸಿ ಬೈದೆ. ನನ್ನಿಂದ ಅವರಿಗೆ ಯಾಕೆ ಬೈಗುಳ? ಸೊನ್ನೆ ಅಂದರೆ ನಿನ್ನ ಮುಖ ಸಡಿಲ ಆಗುತ್ತೆ.”

ಇಷ್ಟು ವರ್ಷ ನಾನು ಕಾಳಜಿ ಅಂದುಕೊಂಡಿದ್ದು ಇವಳಿಗೆ ಹೆದರಿಕೆಯಾಗಿ ಕಂಡಿತ್ತು.

ಅಷ್ಟರಲ್ಲಿ ಸರ್ಜನ್ ನಗ್ತಾ ಬಂದರು, ಕೈಯಲ್ಲಿ ನನ್ನ ಕಂಬಗಳು. “ಏನ್ ಸಿಸ್ಟರ್, ಅಮ್ಮನ್ನ ಕರ್ಕೊಂಡು ಹೊರಟ್ರಾ?”

“ಆ ಗ್ರಾಫ್ ಸುಳ್ಳು ಸಾರ್. ನಾನು ಬರೆದಿದ್ದು. ಇದನ್ನ ನೋಡಿ.” ಚುಕ್ಕೆಗಳ ಹಾಳೆ ಮುಂದೆ ಹಿಡಿದೆ. “ಕೆಂಪನ್ನ ಮಾತ್ರ ನೋಡಿ.”

ಅವರು ನೋಡಿದರು. ಹಾಳೆ ನನ್ನ ಕೈಗೇ ವಾಪಸ್ ಕೊಟ್ಟು, ಅಮ್ಮನನ್ನು ಮಲಗಿಸಿ ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿ, ಫಕ್ಕನೆ ಬಿಟ್ಟರು. ಅಮ್ಮನ ಬಾಯಿಂದ ಬಂದ ಸದ್ದಿಗೆ ಅಂಕಿ ಬೇಕಿರಲಿಲ್ಲ. ಸರ್ಜನ್ ಮುಖದ ನಗು ಹೋಯಿತು. “ಆಪರೇಶನ್ ಥಿಯೇಟರ್‌ಗೆ ಹೇಳಿ, ಈಗಲೇ” ಅಂದರು.

ಬಾಗಿಲ ಹೊರಗೆ ನಾನು ಯಾರೋ ರೋಗಿಯ ಕಡೆಯವಳ ಹಾಗೆ ಬೆಂಚಿನ ಮೇಲೆ ಕೂತಿದ್ದೆ. ಸುದ್ದಿ ಕೇಳಿ ಬೆಣ್ಣೆ ಮನೆಯಿಂದ ವಾಪಸ್ ಬಂದಿದ್ದಳು. “ನೀನು ಬೆಳಿಗ್ಗೆ ಹೇಳಿದ್ದೆ. ನಾನು ಕೇಳಲಿಲ್ಲ” ಅಂದೆ. ಅವಳು ಬಂದು ಪಕ್ಕದಲ್ಲಿ ಕೂತಳು. ಹೊರಗೆ ಬಂದ ಸರ್ಜನ್, ಹೊಲಿಗೆ ಒಂದು ಕಡೆ ಬಿಟ್ಟಿತ್ತು, ಸರಿ ಮಾಡಿದ್ದೀನಿ, ಮನೆಗೆ ಹೋಗಿದ್ದರೆ ಕೈಗೆ ಸಿಗ್ತಾ ಇರಲಿಲ್ಲ ಅಂದರು.

ಅಮ್ಮನಿಗೆ ಪೂರ್ತಿ ಎಚ್ಚರ ಆದಾಗ ಕುರ್ಚಿ ಎಳೆದುಕೊಂಡು ಕೂತೆ. ಕೇಳೋಕೆ ಮೊದಲು ಹುಬ್ಬು ಮುಟ್ಟಿ ನೋಡಿಕೊಂಡೆ.

“ಎಷ್ಟಮ್ಮ?”

ಅಮ್ಮ ನನ್ನ ಮುಖವನ್ನೇ ನೋಡಿದಳು. ನಾನು ಕಾದೆ. ಕಾಯೋದು ಇಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ.

“ಏಳು” ಅಂದಳು.

ಅಳು ಉಕ್ಕಿ ಬಂತು. ಬೈಯಲಿಲ್ಲ, ಯಾರನ್ನೂ ಕರೆಯಲಿಲ್ಲ. ಹಾಳೆ ತೆಗೆದು, ಏಳರ ಮೇಲೆ ನೀಲಿ ಚುಕ್ಕೆ ಇಟ್ಟೆ, ನನ್ನವುಗಳಲ್ಲಿ ಅಷ್ಟು ಮೇಲಿನದು ಅದೇ ಮೊದಲು. ಆಮೇಲೆ ನೋವಿನ ಇಂಜೆಕ್ಷನ್ ತರೋಕೆ ಎದ್ದು ಹೋದೆ.