ಕಲ್ಲಿದ್ದಲು ರೈಲಿನ ಆಚೆ ಬದಿ

ಅಂಗಡಿಯೊಳಗೆ ನಾಯಿಯನ್ನು ಬಿಡುವುದಿಲ್ಲ, ಕಾರಿನಲ್ಲಿ ಕೂಡಿಹಾಕಿದರೆ ಬೆಂದೇಹೋಗುತ್ತದೆ. ಹಾಗಾಗಿ ವರ್ನಾ ತಮ್ಮ ನಾಯಿ ಜಿಗ್ಸ್‌ನನ್ನು ಪ್ರವಾಸಿಗಳ ಕ್ಯಾಂಪಿನಲ್ಲಿ ನಿಲ್ಲಿಸಿದ್ದ, ಹಾಸಿಗೆ ಒಲೆಯೆಲ್ಲ ಇರುವ ಮನೆಗಾಡಿಯಲ್ಲೇ ಬಿಟ್ಟು, ಕ್ಯಾಂಪಿನ ಕರೆಂಟಿನಲ್ಲಿ ಎಸಿ ಹಾಕಿ, ಬೀಗ ಜಡಿದು, ಪುಟ್ಟ ಕಾರಿನಲ್ಲಿ ಗಂಡ ಆರ್ವಿಲ್‌ನೊಡನೆ ಪೇಟೆಗೆ ಹೊರಟಳು. ಕಿಟಕಿಗೆ ದಪ್ಪಕ್ಷರದ ರಟ್ಟು ಅಂಟಿಸುವುದನ್ನು ಮರೆಯಲಿಲ್ಲ: "ಒಳಗೆ ಎಸಿ ಓಡುತ್ತಿದೆ. ನಾಯಿ ಆರಾಮಾಗಿದೆ. ಗಾಜು ಒಡೆಯಬೇಡಿ." ಮನೆಗಾಡಿಯವರೆಲ್ಲ ಹೀಗೇ ಅಂಟಿಸುತ್ತಾರೆ. ಹೋದ ಬೇಸಿಗೆಯಲ್ಲಿ ಯಾವನೋ ಪುಣ್ಯಾತ್ಮ, ತಣ್ಣಗೆ ನಿದ್ದೆ ಹೊಡೆಯುತ್ತಿದ್ದ ಜಿಗ್ಸ್‌ನನ್ನು ಕಾಪಾಡುತ್ತೇನೆಂದು ಗಾಜು ಪುಡಿಪುಡಿ ಮಾಡಿದ್ದ.

ಆರ್ವಿಲ್‌ಗೆ ಆ ಮುದಿ ನಾಯಿಯೆಂದರೆ ಪ್ರಾಣ. ನಿವೃತ್ತನಾದ ಮೇಲೆ ಹೆಂಡತಿಗಿಂತ ಅದರ ಜೊತೆಗೇ ಅವನ ಮಾತು ಹೆಚ್ಚು. ಜಿಗ್ಸ್‌ಗೆ ಒಮ್ಮೆ ಪರ್ವತ ತೋರಿಸಬೇಕೆಂದೇ ಈ ಬಯಲು ದಾಟುವ ಪ್ರಯಾಣ ಹೊರಡಿಸಿದ್ದ. ತನಗೆ ತೋರಿಸುವ ಯೋಚನೆ ಇಷ್ಟು ವರ್ಷದಲ್ಲಿ ಬರಲಿಲ್ಲವಲ್ಲ ಎಂದು ವರ್ನಾ ಚುಚ್ಚಿದ್ದಳು.

ವಾಪಸು ಬರುವಾಗ ಕಲ್ಲಿದ್ದಲು ರೈಲೊಂದು ರಸ್ತೆಗೆ ಅಡ್ಡಲಾಗಿ ನಿಂತುಬಿಟ್ಟಿತ್ತು. ತಲೆಯೂ ಕಾಣದು, ಬಾಲವೂ ಕಾಣದು. ನೆಬ್ರಾಸ್ಕಾದ ಈ ಬಯಲಿನಲ್ಲಿ ಇದೇನು ಹೊಸದಲ್ಲ. ಆದರೆ ಅಷ್ಟರಲ್ಲಿ ವರ್ನಾಳ ಫೋನು ಸದ್ದು ಮಾಡಿತು. ಮನೆಗಾಡಿಯೊಳಗಿನ ಶಾಖ ಅಳೆಯುವ ಯಂತ್ರ ಎಚ್ಚರಿಕೆ ಕಳಿಸಿತ್ತು: ಕರೆಂಟ್ ಹೋಗಿದೆ, ಶಾಖ ಏರುತ್ತಿದೆ.

ಕ್ಯಾಂಪಿನ ಕಚೇರಿಯಲ್ಲಿ ಫೋನು ಎತ್ತುವವರಿಲ್ಲ. ತುರ್ತು ಸಹಾಯದವರು ಪೊಲೀಸನೊಬ್ಬನನ್ನು ಕಳಿಸುತ್ತೇವೆಂದರು. ಆ ಪೊಲೀಸನೂ ರೈಲಿನ ಈಚೆಗೇ ಇದ್ದ. ಮುಂದಿನ ರೈಲ್ವೆ ಗೇಟಿಗೂ ಇದೇ ರೈಲು ಅಡ್ಡ.

ಹಾಳು ಬಯಲಿನಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಎರಡು ಡಬ್ಬಿಗಳ ಸಂದಿಯಿಂದ, ಕೂಗಳತೆಗಿಂತ ತುಸು ದೂರದಲ್ಲಿ, ಅವರ ಬಿಳಿ ಮನೆಗಾಡಿ ಕಾಣುತ್ತಿತ್ತು. ಪಕ್ಕದ ನೆರಳಿನಲ್ಲಿ ಜನ ಕುರ್ಚಿ ಹಾಕಿಕೊಂಡು ಕೂತಿದ್ದರು. ವರ್ನಾ ಕಾರಿನಿಂದಿಳಿದು ಗಂಟಲು ಹರಿಯುವಂತೆ ಕೂಗಿ ಎರಡೂ ಕೈ ಬೀಸಿದಳು. ಅವರಲ್ಲೊಬ್ಬ ಸ್ನೇಹದಿಂದ ತಿರುಗಿ ಕೈ ಬೀಸಿದ.

ಆಮೇಲೆ ಕೆಂಪು ಟೋಪಿಯ ಹೆಂಗಸೊಬ್ಬಳು ಎದ್ದು ಮನೆಗಾಡಿಯ ಕಿಟಕಿಯ ಬಳಿಗೆ ಹೋದಳು. ಜಿಗ್ಸ್ ಬೊಗಳುತ್ತಿರಬೇಕು. "ಒಡಿಯಮ್ಮಾ, ಒಡಿ" ಎಂದು ವರ್ನಾ ಪಿಸುಗುಟ್ಟಿದಳು. ಹೆಂಗಸು ರಟ್ಟು ಓದಿ, ಹೋಗಿ ಮತ್ತೆ ಕುರ್ಚಿಯಲ್ಲಿ ಕೂತಳು.

ಆರ್ವಿಲ್ ಬಗ್ಗಿ ಡಬ್ಬಿಗಳ ಕೊಂಡಿಯ ಕೆಳಗೆ ನುಸುಳಲು ಹೋದ. ವರ್ನಾ ಅವನ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆಳೆದು, ತಾನು ನೆಲಕ್ಕೆ ಕುಕ್ಕರಿಸಿ ಕೂತಳು.

"ಬಿಡೇ, ಒಂದು ನಿಮಿಷದ ಕೆಲ್ಸ."

"ಚಕ್ರ ಹೊರಳೋಕೆ ಅಷ್ಟೂ ಬೇಡ. ನಾ ಬಿಡಲ್ಲ ಕಣೋ."

ಅವನು ಕೊಸರಿದ, ಬೈದ, ಕೊನೆಗೆ ಅತ್ತ. ಅವಳು ಬಿಡಲಿಲ್ಲ. ಫೋನಿನಲ್ಲಿ ಅಂಕಿ ಏರುತ್ತಲೇ ಇತ್ತು. ರೈಲು ಮಾತ್ರ ಒಂದಿಂಚೂ ಕದಲಲಿಲ್ಲ. ಅಷ್ಟು ಹೊತ್ತಿನಲ್ಲಿ ಅವನು ಹತ್ತು ಸಲ ದಾಟಿ ಬರಬಹುದಿತ್ತು. ಅದು ಇಬ್ಬರಿಗೂ ಗೊತ್ತಾಗುತ್ತಿತ್ತು.

ರೈಲು ಹೊರಟು ಅವರು ತಲುಪುವಷ್ಟರಲ್ಲಿ ಜಿಗ್ಸ್ ಬಾಗಿಲಿನ ಸಂದಿಗೆ ಮೂಗು ಒತ್ತಿಕೊಂಡೇ ಸತ್ತಿತ್ತು. ಕೆಂಪು ಟೋಪಿಯವಳು ಬಾಯಿಗೆ ಕೈ ಅಡ್ಡ ಹಿಡಿದು ನಿಂತಳು. ಅವಳಿಗೆ ಏನನ್ನುವುದು? ಆರ್ವಿಲ್ ನಾಯಿಯನ್ನು ತೊಡೆಯ ಮೇಲೆ ಹಾಕಿಕೊಂಡು ಮೆಟ್ಟಿಲಲ್ಲಿ ಕೂತ. ಅವನು ಬೈದಿದ್ದರೆ ವರ್ನಾಗೆ ಸಮಾಧಾನವಾಗುತ್ತಿತ್ತು.

ನಾಯಿಯ ಕಿವಿ ಸವರುತ್ತಾ ಅವನು, "ಮತ್ತೆ ಹಂಗೇ ಆದ್ರೂ ಹಿಡ್ಕೋತೀಯಾ?" ಎಂದು ಕೇಳಿದ.

"ಹಿಡ್ಕೋತೀನಿ."

"ಗೊತ್ತು," ಎಂದ ಆರ್ವಿಲ್. "ಅದಕ್ಕೇ ಬೈಯೋಕೂ ಆಗ್ತಿಲ್ಲ."